ಗಿಡ್ಡ ಕಲ್ಲು, ಎತ್ತರದ ಸೀಟು

ಅವ್ವನಿಗೆ ಬಸ್ಸು ಆಗುತ್ತಿರಲಿಲ್ಲ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಡೀಸೆಲ್ ವಾಸನೆಗೇ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ನಿಂಬೆಹಣ್ಣು ಮೂಸಿದ್ದಾಯಿತು, ನಾಲಿಗೆಯ ಮೇಲೆ ಹುಣಸೆಹಣ್ಣು ಇಟ್ಟುಕೊಂಡಿದ್ದಾಯಿತು, ಡ್ರೈವರ್ ಹಿಂದಿನ ಸೀಟು, ಕಿಟಕಿ ಪಕ್ಕದ ಸೀಟು ಎಲ್ಲವೂ ಆಯಿತು. ಗೂಳೂರು ಬರುವುದರೊಳಗೆ ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಲೇಬೇಕಾಗುತ್ತಿತ್ತು. ಹೀಗಾಗಿ ನಮ್ಮ ತುಮಕೂರಿನ ಬಾಡಿಗೆ ಮನೆಗೂ ಅವ್ವನ ತವರು ಹೆಬ್ಬೂರಿಗೂ ನಡುವೆ ಅವಳ ಪಾಲಿಗಿದ್ದ ವಾಹನ ಒಂದೇ, ಅಪ್ಪನ ಸೈಕಲ್ಲಿನ ಕ್ಯಾರಿಯರ್.

ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಡುತ್ತಿದ್ದರು. ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದಾರಿ. ಹೆಬ್ಬೂರಿನಲ್ಲಿ ಅಜ್ಜಿ ಇದ್ದಳು, ಸೋದರಮಾವನ ಸಂಸಾರವಿತ್ತು, ತೆಂಗಿನ ತೋಟ, ಎರಡು ಎಮ್ಮೆ. ಮಧ್ಯಾಹ್ನ ಮುದ್ದೆ ಉಂಡು, ತಾಯಿ ಮಗಳು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಲೋಕದ ಸುದ್ದಿಯೆಲ್ಲ ಮುಗಿಸಿ, ಹೊತ್ತು ಇಳಿಯುವ ಮೊದಲು ವಾಪಸ್ಸು. ನಾನು ಚಿಕ್ಕವಳಿದ್ದಾಗ ಮುಂದಿನ ಬಾರಿಗೆ ಟವೆಲ್ ಸುತ್ತಿ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಕಾಲು ಉದ್ದವಾಗಿ ಅಪ್ಪನ ಮಂಡಿಗೆ ತಗಲತೊಡಗಿದ ಮೇಲೆ ನನ್ನನ್ನು ಬಸ್ಸಿಗೆ ವರ್ಗ ಮಾಡಿದರು.

ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದ ಇದೆ. ಯಾವ ದಿನ ಯಾರು ಬಂದರು, ಏನು ಅಡುಗೆ ಎಂಬಷ್ಟಕ್ಕೇ ನಿಲ್ಲದೆ ಹೆಬ್ಬೂರಿನ ಪ್ರಯಾಣಕ್ಕೆ ಒಂದು ಪುಟವನ್ನೇ ಮೀಸಲಿಟ್ಟಿದ್ದೆ. ಅಪ್ಪ ಬಂದು ಕೈಕಾಲು ತೊಳೆದುಕೊಂಡ ಕೂಡಲೇ ನನ್ನ ಪ್ರಶ್ನೆಗಳು ಶುರು. ಪಂಕ್ಚರ್ ಆಯಿತಾ? ಗಾಳಿ ಎದುರಿಗಿತ್ತಾ, ಹಿಂದಿತ್ತಾ? ಗೂಳೂರು ಕಳೆದ ಮೇಲಿನ ಏರಿನಲ್ಲಿ ಇಳಿದು ತಳ್ಳಿದಿರಾ, ಕೂತೇ ಹತ್ತಿಸಿದಿರಾ? ಅಪ್ಪ ನಗುತ್ತಲೇ ಉತ್ತರ ಕೊಡುತ್ತಿದ್ದರು. "ನಮ್ ಕಚೇರಿ ಇನ್ಸ್‌ಪೆಕ್ಷನ್ನಲ್ಲೂ ಇಷ್ಟು ಕೇಳಲ್ಲ ಕಣವ್ವ," ಎನ್ನುತ್ತಿದ್ದರು.

ಎಂಬತ್ತನೇ ಇಸವಿಯ ಆ ಪುಟದಲ್ಲಿ 'ತಳ್ಳಿದ್ದು' ಎಂಬ ಸಾಲಿನಲ್ಲಿ ಗೀಟುಗಳು ಹೆಚ್ಚುತ್ತ ಹೋದವು. ಯುಗಾದಿಯ ಹೊತ್ತಿಗೆ ಏರಿನಲ್ಲಷ್ಟೇ ಅಲ್ಲ, ಸಮದಾರಿಯಲ್ಲೂ ಅಪ್ಪ ಇಳಿಯತೊಡಗಿದ್ದರು. ಬಲಗಾಲಿನ ಮಂಡಿ. ತುಳಿದರೆ ಒಳಗೆ ಸೂಜಿ ಆಡಿಸಿದ ಹಾಗಾಗುತ್ತದೆ ಎನ್ನುತ್ತಿದ್ದರು. ಹರಳೆಣ್ಣೆ ಕಾಯಿಸಿ ತಿಕ್ಕಿದರು, ಎಕ್ಕದೆಲೆ ಬಿಸಿ ಮಾಡಿ ಕಟ್ಟಿದರು, ಡಾಕ್ಟರ ಮಾತ್ರೆ ನುಂಗಿದರು. ಮೂಳೆಯಲ್ಲಿ ಏನೂ ಕೆಟ್ಟಿಲ್ಲ, ಸವೆತ ಇರಬಹುದು, ಸೈಕಲ್ ಕಡಿಮೆ ಮಾಡಿ ಎಂದರು ಡಾಕ್ಟರು. ಕಡೆಗೆ ಯಾರೋ ಹೇಳಿದರೆಂದು ಕುಣಿಗಲ್ಲಿನಲ್ಲಿ ಮೂಳೆ ಕಟ್ಟುವವರ ಹತ್ತಿರವೂ ಹೋಗಿ ಬಂದರು. ಅವರು ಮೊಟ್ಟೆಯ ಬಿಳಿ ಹಚ್ಚಿ ಬಟ್ಟೆ ಸುತ್ತಿ, ಮೂರು ತಿಂಗಳು ಪೆಡಲ್ ಮುಟ್ಟಬಾರದು ಎಂದರಂತೆ.

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ಬಸ್ಸು ಹೆಬ್ಬೂರಿನ ಮೇಲೇ ಹಾದುಹೋಗುತ್ತದೆ. ಅಂದು ಸಂಜೆ ಅಪ್ಪ ಜಗಲಿಯ ಮೇಲೆ ಕಾಲು ಚಾಚಿಕೊಂಡು ಹೇಳಿದರು. "ನಿಮ್ಮವ್ವ ರೋಡಲ್ಲೇ ಇದ್ರು ಕಣೇ. ಎಮ್ಮೆ ಹೊಡ್ಕೊಂಡು ಹೋಗ್ತಿದ್ರು. ಕಿಟ್ಕೀಲಿ ಕೈ ಬೀಸ್ದೆ, ಕಾಣ್ಲಿಲ್ಲ ಅವ್ರಿಗೆ."

ಅವ್ವ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತದೆ, "ಯಾವ ಸೀರೆ ಉಟ್ಟಿತ್ತು?" ಎಂದಳು.

ಅಪ್ಪನಿಗೆ ಸೀರೆ ನೆನಪಿರಲಿಲ್ಲ. ಅವ್ವ ಮತ್ತೆ ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದಳು. ಆಗಲೇ ಅವಳು ಹೆಬ್ಬೂರು ಕಂಡು ಎರಡು ತಿಂಗಳಾಗಿತ್ತು.

ನಾನು ಆ ಜೂನಿನಲ್ಲಿ ಪಿಯುಸಿ ಸೈನ್ಸಿಗೆ ಸೇರಿದೆ. ಭಾನುವಾರಗಳಲ್ಲಿ ಬಸ್ಸಿನಲ್ಲಿ ಹೆಬ್ಬೂರಿಗೆ ಹೋಗಿ ಬರುವುದು ನನ್ನ ಕೆಲಸವಾಯಿತು. ಅವ್ವ ಕೊಟ್ಟ ಚಟ್ನಿಪುಡಿ, ಹೊಲಿದ ರವಿಕೆ ಆ ಕಡೆಗೆ. ಅಜ್ಜಿ ಕೊಟ್ಟ ಬೆಣ್ಣೆ, ಸೊಪ್ಪು ಈ ಕಡೆಗೆ. ನಾನು ಬಸ್ಸಿಳಿದು ಬರುವುದನ್ನು ಕಂಡರೆ ಅಜ್ಜಿ ಮೊದಲು ನನ್ನ ಹಿಂದೆ ನೋಡುತ್ತಿದ್ದಳು.

"ನಿಮ್ಮವ್ವ ಬರ್ನಿಲ್ವೇ ಕೂಸು?"

"ಅಪ್ಪಂಗೆ ಮಂಡಿ ವಾಸಿ ಆಗ್ಲಿ ಅಜ್ಜಿ, ಬತ್ತಾಳೆ."

"ಅಳಿಯಂದ್ರ ಮಂಡಿ ಅಳಿಯಂದ್ರತ್ರಾನೇ ಇರ್ಲಿ ಬುಡು. ನನ್ ಮಗಳಿಗೇನು ಕಾಲಿಲ್ವಾ? ನಡ್ಕೊಂಡ್ ಬಾ ಅನ್ನು."

ಹಾಗೆಂದು ನಗುತ್ತಿದ್ದಳು. ಬೆಣ್ಣೆಯ ಡಬ್ಬಿಗೆ ಬಟ್ಟೆ ಕಟ್ಟಿ ಎರಡೆರಡು ಸಲ ಗಂಟು ಬಿಗಿಯುತ್ತಿದ್ದಳು. ನಾನು ತುಮಕೂರಿಗೆ ಬಂದು ಅಜ್ಜಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸುತ್ತಿದ್ದೆ. ಅವ್ವ ಮತ್ತೊಮ್ಮೆ ಹೇಳಿಸಿಕೊಳ್ಳುತ್ತಿದ್ದಳು.

ಆಷಾಢದಲ್ಲಿ ಗುಬ್ಬಿಯಿಂದ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ. ಗುಬ್ಬಿ ಸಂತೆಯಲ್ಲಿ ಕೊಬ್ಬರಿ, ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದರು. ಅಪ್ಪ ಎಷ್ಟು ಉದ್ದವೋ ದೊಡ್ಡಪ್ಪ ಅಷ್ಟೇ ಗಿಡ್ಡ. ಆ ಸೈಕಲ್ಲು ಮೊದಲು ಅವರದೇ. ಅಪ್ಪನಿಗೆ ತುಮಕೂರಿನಲ್ಲಿ ಕೆಲಸ ಸಿಕ್ಕಾಗ ಪ್ರೀತಿಯಿಂದ ಕೊಟ್ಟಿದ್ದರು. ಒಳಗೆ ಕಾಲಿಡುವ ಮುಂಚೆಯೇ ಗೋಡೆಗೆ ಒರಗಿದ್ದ ಸೈಕಲ್ ನೋಡಿ ನಿಂತರು.

"ಏನ್ಲಾ ತಮ್ಮ, ಗೋಡೆಗೆ ಆನಿಸ್ಬುಟ್ಟು ಜೇಡನ ಕೈಲಿ ಸವಾರಿ ಮಾಡಿಸ್ತಿದ್ದೀಯ?"

"ಮಂಡಿ ಅಣ್ಣ. ತುಳಿಯೋಕಾಗಲ್ಲ."

"ತುಳಿಯೋಕಾಗ್ದಿದ್ರೆ ನಂಗಾದ್ರೂ ವಾಪಸ್ ಕೊಡ್ಲಾ. ಸಂತೆಗೆ ಕಾಯಿ ಹೇರ್ಕೊಂಡು ಹೋಗೋಕೆ ಆಯ್ತದೆ. ಬೇಕಾದ್ರೆ ಆಯುಧಪೂಜೆಗಂಟ ಇಟ್ಕೊ. ಪೂಜೆ ದಿನ ಬತ್ತೀನಿ. ಅಷ್ಟ್ರಲ್ಲಿ ನೀನು ತುಳೀತಿದ್ರೆ ನಿಂದು, ಇಲ್ದಿದ್ರೆ ನಂದು."

ಅದರಲ್ಲಿ ಯಾವ ಕೆಟ್ಟತನವೂ ಇರಲಿಲ್ಲ. ನಿಂತ ಸೈಕಲ್ಲಿಗೆ ತುಕ್ಕು ಹಿಡಿಯುವುದಕ್ಕಿಂತ ಯಾರಾದರೂ ತುಳಿಯುವುದು ಮೇಲು. ಅಪ್ಪ ಆಯಿತು ಎಂದರು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಅವ್ವನ ಕೈ ನಿಂತದ್ದು ನನಗೆ ಕಂಡಿತು. ಸೈಕಲ್ ಗುಬ್ಬಿಗೆ ಹೋದರೆ ಅವ್ವ ಹೆಬ್ಬೂರಿಗೆ ಹೋಗುವುದು ಹೇಗೆ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಬೇರೆ ಸೈಕಲ್ ಬಂದರೂ ಮಂಡಿ ಅದೇ ತಾನೆ.

ಉಪಾಯ ಹೊಳೆದದ್ದು ಊಟದ ಹೊತ್ತಿನಲ್ಲಿ. ನಮ್ಮ ಮನೆಯಲ್ಲಿ ಎಲ್ಲರೂ ನೆಲದ ಮೇಲೆ ಮಣೆ ಹಾಕಿಕೊಂಡು ಉಣ್ಣುತ್ತಿದ್ದೆವು. ಉಂಡು ಏಳುವಾಗ ಅಪ್ಪ ಒಂದು ಕೈ ನೆಲಕ್ಕೆ, ಒಂದು ಕೈ ಮಂಡಿಗೆ ಊರಿ "ಶಿವಾ" ಎಂದು ನರಳುತ್ತಿದ್ದರು. ಅದೇ ಅಪ್ಪ ಜಗಲಿಯ ಮೇಲಿಂದ ಎದ್ದಾಗ ನರಳುತ್ತಿರಲಿಲ್ಲ. ಕಚೇರಿಯ ಕುರ್ಚಿಯಿಂದ ದಿನಕ್ಕೆ ನೂರು ಸಲ ಎದ್ದರೂ ಏನೂ ಆಗುವುದಿಲ್ಲ ಎಂದು ಅವರೇ ಹೇಳಿದ್ದರು. ಕುಳಿತ ಜಾಗ ಎತ್ತರವಿದ್ದರೆ ಮಂಡಿ ಅಷ್ಟಾಗಿ ಮಡಿಚುವುದಿಲ್ಲ, ಮಡಿಚದ ಮಂಡಿಗೆ ನೋವಿಲ್ಲ. ಇಷ್ಟು ಯೋಚಿಸುವಾಗ ನನ್ನ ಕಣ್ಣು ಬಾಗಿಲಾಚೆ ಇದ್ದ ಸೈಕಲ್ಲಿನ ಮೇಲೆ ಬಿತ್ತು. ಅದರ ಸೀಟು ಕಬ್ಬಿಣದ ಫ್ರೇಮಿಗೆ ಅಂಟಿಕೊಂಡಂತೆ ತಗ್ಗಿನಲ್ಲಿತ್ತು. ಅಷ್ಟು ಉದ್ದದ ಮನುಷ್ಯ ಅಷ್ಟು ಗಿಡ್ಡ ಸೀಟಿನ ಮೇಲೆ ಕುಳಿತು ತುಳಿಯುವುದೆಂದರೆ, ಪ್ರತಿ ತುಳಿತಕ್ಕೂ ಮಣೆಯಿಂದ ಏಳುವುದೇ. ಹೆಬ್ಬೂರಿಗೆ ಹೋಗಿ ಬರುವುದರೊಳಗೆ ಅಪ್ಪ ಸಾವಿರಾರು ಸಲ ಮಣೆಯಿಂದ ಏಳುತ್ತಿದ್ದರು, ಅದೂ ಅವ್ವನನ್ನು ಹಿಂದೆ ಹೊತ್ತುಕೊಂಡು.

ಮಾರನೆಯ ದಿನ ಕಂಪಾಸ್ ಬಾಕ್ಸಿನಿಂದ ಕೋನಮಾಪಕ ತೆಗೆದೆ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಅಪ್ಪನನ್ನು ಕೂರಿಸಿದೆ. ತೊಡೆಯ ಉದ್ದಕ್ಕೆ ಒಂದು ಬೆತ್ತದ ಕಡ್ಡಿ, ಕಣಕಾಲಿನ ಉದ್ದಕ್ಕೆ ಇನ್ನೊಂದು. ಪೆಡಲ್ ಮೇಲೆ ಬಂದಾಗ ಮಂಡಿಯ ಕೋನ ಅರವತ್ತು ಡಿಗ್ರಿಗಿಂತ ಕಡಿಮೆ. ಪೆಡಲ್ ಪೂರ್ತಿ ಕೆಳಗೆ ಹೋದಾಗಲೂ ನೂರಹತ್ತನ್ನು ದಾಟಲಿಲ್ಲ. ಕಾಲು ಒಮ್ಮೆಯೂ ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ.

ಅವ್ವ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಹೊಲ್ಸೋದು ಪ್ಯಾಂಟೋ ಪಂಚೇನೋ?" ಎಂದಳು.

"ಸುಮ್ನಿರೇ, ಕೋನ ತಪ್ತದೆ," ಎಂದರು ಅಪ್ಪ, ಅಲ್ಲಾಡದೆ, ಫೋಟೋಗೆ ಕುಳಿತವರ ಹಾಗೆ.

ಸೀಟು ಇನ್ನೊಂದು ಅರ್ಧ ಗೇಣು ಮೇಲೇರಬೇಕು ಎಂದು ನನ್ನ ಲೆಕ್ಕ ಹೇಳಿತು. ಸೈಕಲ್ ಶಾಪಿನವನು ಸ್ಪ್ಯಾನರ್ ಹಾಕಿ, ಸೀಮೆಎಣ್ಣೆ ಬಿಟ್ಟು, ತಿರುಚಿ ಎಳೆದರೆ ಸೀಟಿನ ಕೆಳಗಿನ ಪೈಪು ಮೊಂಡಾಗಿ ಹೊರಬಂತು. ತುದಿಯಲ್ಲಿ ಗರಗಸದ ಗುರುತು. ದೊಡ್ಡಪ್ಪ ತಮ್ಮ ಕಾಲಿಗೆ ಹೊಂದಲೆಂದು ಎಂದೋ ಕೊಯ್ಯಿಸಿದ್ದರು. ಇಷ್ಟು ವರ್ಷ ಅಪ್ಪ ತಮ್ಮ ಅಣ್ಣನ ಕಾಲಿನ ಅಳತೆಯ ಮೇಲೆ ಕುಳಿತು ತುಳಿದಿದ್ದರು. ಅಣ್ಣ ಕೊಟ್ಟ ಸೈಕಲ್ಲಿನ ಸೀಟನ್ನು ಬದಲಾಯಿಸಬಹುದು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ.

ಶಾಪಿನವನು ಹೊಸ ಉದ್ದದ ಪೈಪು ಹಾಕಿದ. ಸಡಿಲವಾಗಿ ಲೊಟಲೊಟ ಎನ್ನುತ್ತಿದ್ದ ಚೈನು ಮುಚ್ಚುವ ಗೇರ್‌ಕೇಸನ್ನೂ ಬಡಿದು ಸರಿಮಾಡಿ ಬಿಗಿದ. "ನಿಮ್ ಮಂಡಿಗೆ ಒಳ್ಳೇದೇ ಸಾರ್. ಆದ್ರೆ ನೆಲಕ್ಕೆ ಕಾಲು ಎಟುಕಲ್ಲ, ನೋಡ್ಕೊಳ್ಳಿ," ಎಂದ.

ಅಪ್ಪ ಒಬ್ಬರೇ ಹತ್ತಿ ಮೈದಾನ ಸುತ್ತಿದರು. ಎಡಗಾಲು ಪೆಡಲಿನ ಮೇಲಿಟ್ಟು, ಎರಡು ಹೆಜ್ಜೆ ದೂಡಿ, ಬಲಗಾಲನ್ನು ಹಿಂದಿನಿಂದ ಬೀಸಿ ಹತ್ತಿದರೆ ಸೀಟು ಎಷ್ಟು ಎತ್ತರವಿದ್ದರೂ ಚಿಂತೆಯಿಲ್ಲ. ಮೊದಲ ಸುತ್ತಿನಲ್ಲಿ ಮುಖ ಬಿಗಿದಿತ್ತು. ಎರಡನೆಯದಕ್ಕೆ ಸಡಿಲಾಯಿತು. ಮೂರನೆಯ ಸುತ್ತಿನಲ್ಲಿ ಬೆಲ್ ಹೊಡೆಯುತ್ತ ಬಂದರು, ಎದುರಿಗೆ ಯಾರೂ ಇಲ್ಲದಿದ್ದರೂ. ಒಂದು ವಾರ ಕಚೇರಿಗೆ ಹೋಗಿಬಂದು ನೋಡಿದರು. ಸೂಜಿ ಆಡಿಸಿದ ಹಾಗಾಗುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಬಲಗಾಲಿನ ಮೇಲೆ ಭಾರ ಹಾಕಿ ನಿಲ್ಲುವಾಗ ಮಾತ್ರ ಇನ್ನೂ ಹೆದರುತ್ತಿದ್ದರು.

ಆಗ ಅವ್ವ ಬಂದು ಕ್ಯಾರಿಯರ್ ಒರೆಸಿದಳು. ತೊಂದರೆ ಎದ್ದದ್ದು ಅಲ್ಲಿಯೇ.

ಹಿಂದೆ ಒಬ್ಬರು ಕುಳಿತಿರುವಾಗ ಕಾಲು ಬೀಸಿ ಹತ್ತಲು ಬರುವುದಿಲ್ಲ. ಸವಾರ ಮೊದಲು ಕುಳಿತು, ನೆಲಕ್ಕೆ ಕಾಲೂರಿ, ಹಿಂದಿನವರು ಕುಳಿತ ಮೇಲೆ ತುಳಿಯಬೇಕು. ಓಡುವ ಸೈಕಲ್ಲಿಗೆ ಹಾರಿ ಕೂರುವ ಹೆಂಗಸರೂ ನಮ್ಮ ಬೀದಿಯಲ್ಲಿದ್ದರು. "ಹಾರಿ ಕೂರೋಕೆ ನಾನೇನು ಕೋತೀನಾ?" ಎಂದು ಅವ್ವ ಅದನ್ನು ಮೊದಲೇ ತಳ್ಳಿಹಾಕಿದ್ದಳು. ಗಿಡ್ಡ ಸೀಟಿದ್ದಾಗ ಅಪ್ಪನ ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತಿದ್ದವು. ಈಗ ಎಡಗಾಲಿನ ಹೆಬ್ಬೆರಳು ನೆಲ ಮುಟ್ಟಬೇಕೆಂದರೂ ಸೈಕಲ್ಲು ವಾಲಬೇಕು. ಒಬ್ಬರೇ ಇದ್ದಾಗ ಎಷ್ಟು ವಾಲಿದರೂ ನಡೆಯುತ್ತದೆ. ಹಿಂದೆ ಅವ್ವ ಕುಳಿತು ವಾಲಿದರೆ ಭಾರವೆಲ್ಲ ಚಕ್ರದ ಹೊರಗೆ ಬೀಳುತ್ತದೆ. ಮೊದಲ ಪ್ರಯತ್ನದಲ್ಲಿ ಅವ್ವ ನಿಧಾನವಾಗಿ, ಜಾರುಬಂಡೆಯಲ್ಲಿ ಜಾರಿದ ಹಾಗೆ, ಎಡಕ್ಕೆ ಇಳಿದುಹೋದಳು.

ಹಾಗಾದರೆ ಕಾಲೂರಲು ಎತ್ತರದ ಜಾಗ ಬೇಕು ಎಂದು ನಾನು ಜಗಲಿಯ ಪಕ್ಕಕ್ಕೆ ಸೈಕಲ್ ತಂದು ನಿಲ್ಲಿಸಿದೆ. ಅಪ್ಪ ಎಡಗಾಲನ್ನು ಜಗಲಿಯ ಮೇಲಿಟ್ಟು ರಾಜನ ಹಾಗೆ ನೆಟ್ಟಗೆ ಕುಳಿತರು. ಅವ್ವ ಎಂದಿನಂತೆ ಎರಡೂ ಕಾಲು ಎಡಕ್ಕೆ ಬಿಟ್ಟು ಕುಳಿತಳು. ಅಪ್ಪ ಪೆಡಲ್ ತುಳಿದರು. ಸೈಕಲ್ ಮುಂದಕ್ಕೆ ಹೋಯಿತು, ಅವ್ವನ ಕಾಲು ಜಗಲಿಯ ಕಲ್ಲಿಗೆ ಉಜ್ಜಿಕೊಂಡು ಹಿಂದೆಯೇ ಉಳಿಯಿತು. ಹಿಂದೆ ಹಿಡಿದುಕೊಂಡಿದ್ದ ನಾನೂ ಸೇರಿ ಮೂವರೂ ಅಂಗಳದಲ್ಲಿ ಒಬ್ಬರ ಮೇಲೊಬ್ಬರು ಬಿದ್ದೆವು.

ಅವ್ವ ಮೊಣಕಾಲು ಉಜ್ಜಿಕೊಳ್ಳುತ್ತ ಎದ್ದಳು. "ನೋಡ್ರೀ ನಿಮ್ ಮಗಳ ಓದು. ನಿಮ್ ಮಂಡಿ ರಿಪೇರಿ ಮಾಡಿ ನಂದು ಕಳಚಿದ್ಳು."

"ಈಗ ಇಬ್ರುದೂ ಸಮ ಆಯ್ತು ಬುಡು," ಎಂದು ಅಪ್ಪ ಜೋರಾಗಿ ನಕ್ಕರು. ಅವ್ವನೂ ನಕ್ಕಳು. ನಕ್ಕು ಒಳಗೆ ಹೋದವಳು ಹೆಬ್ಬೂರಿಗೆಂದು ಮಡಿಸಿಟ್ಟಿದ್ದ ಸೀರೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳು.

ಆ ಮಧ್ಯಾಹ್ನವೆಲ್ಲ ನಾನು ಜಗಲಿಯ ಮೇಲೆ ಕುಳಿತು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದೆ. ಕಟ್ಟೆ ಉದ್ದವಾಗಿದ್ದರೆ ಅವ್ವನ ಕಾಲಿಗೆ ತಾಗುತ್ತದೆ. ಅಪ್ಪನ ಪಾದಕ್ಕೂ ಅವ್ವನ ಪಾದಕ್ಕೂ ನಡುವೆ ಒಂದೂವರೆ ಮೊಳ ಅಂತರವಿದೆ. ಕಾಲೂರುವ ಕಲ್ಲು ಅಗಲದಲ್ಲಿ ಒಂದು ಪಾದದಷ್ಟೇ ಇದ್ದು, ಅವ್ವನ ಕಾಲಿನ ಮುಂದೆ ಇದ್ದರೆ ಸೈಕಲ್ ಹೊರಡುವಾಗ ಅದು ಅಡ್ಡ ಬರುತ್ತದಲ್ಲ? ಬರುತ್ತದೆ, ಅದು ಎತ್ತರವಿದ್ದರೆ. ಗೇಣೆತ್ತರದ ಕಲ್ಲಾದರೆ ಅವ್ವ ಕಾಲು ತುಸು ಎತ್ತಿಕೊಂಡರೆ ಸಾಕು, ಮೇಲಿಂದ ದಾಟಿಹೋಗುತ್ತದೆ. ಹಾಗಿರುವ ಕಲ್ಲು ಯಾವುದು?

ರಸ್ತೆ ಬದಿಯ ಹಳೆಯ ಫರ್ಲಾಂಗ್ ಕಲ್ಲುಗಳು! ಕುಣಿಗಲ್ ರಸ್ತೆಗೆ ವರ್ಷ ವರ್ಷ ಜಲ್ಲಿ ಸುರಿದು, ಟಾರು ಹಾಕಿ ಎತ್ತರ ಮಾಡುತ್ತ ಬಂದದ್ದರಿಂದ ಆ ಕಲ್ಲುಗಳು ಹೂತುಹೋಗಿ ತಲೆಯಷ್ಟೇ ಹೊರಗೆ ಉಳಿದಿದ್ದವು. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ತಲೆಹೊರೆ ಹೊತ್ತು ನಡೆಯುವವರು ಭಾರ ಇಳಿಸಲೆಂದು ನಮ್ಮ ಹಿರಿಯರು ದಾರಿಯಲ್ಲಿ ಎದೆಯೆತ್ತರದ ಹೊರೆಗಲ್ಲುಗಳನ್ನು ನಿಲ್ಲಿಸಿದ್ದಾರೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುವವರಿಗೆ ಮಾತ್ರ ಯಾರೂ ಏನೂ ಮಾಡಿಲ್ಲ, ಇರುವುದರಲ್ಲೇ ಹುಡುಕಿಕೊಳ್ಳಬೇಕು.

ಬೀದಿ ಕೊನೆಯ ಮನೆಯಲ್ಲಿದ್ದ ಟೀಚರಮ್ಮನ ಲೇಡೀಸ್ ಸೈಕಲ್ ಕೇಳಿ ತಂದೆ. ನಾನು ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವಳು. ಬಾರಿಲ್ಲದ ಸೈಕಲ್ ಮೇಲೆ ಕುಳಿತರೆ ಸಿಂಹಾಸನದಲ್ಲಿ ಕುಳಿತ ಹಾಗನಿಸಿತು. ದಸರಾಕ್ಕೆ ಇನ್ನೂ ಎರಡು ವಾರವಿದ್ದ ಒಂದು ಭಾನುವಾರ ನಾನೂ ಅಪ್ಪನೂ ಕಲ್ಲು ನೋಡಲು ಹೊರಟೆವು. ನನ್ನ ಇಷ್ಟು ವರ್ಷದ ದಿನಚರಿಯಲ್ಲಿ ಅದಕ್ಕಿಂತ ಸುಖದ ದಿನ ಹೆಚ್ಚಿಲ್ಲ.

ಗೂಳೂರು ಕೆರೆ ತುಂಬಿತ್ತು. ರಾಗಿ ಹೊಲಗಳು ಹಸಿರು ಕಟ್ಟಿದ್ದವು. ಎಡಬದಿಯಲ್ಲಿ ಒಂದೊಂದು ಕಲ್ಲು ಬಂದಾಗಲೂ ಅಪ್ಪ ನಿಂತು ಕಾಲೂರಿ ನೋಡುವರು. "ಇದು ಪಾಸು." "ಇದು ಅಲ್ಲಾಡ್ತದೆ, ಫೇಲು." "ಇದ್ರ ಮೇಲೆ ಯಾರೋ ಸಗಣಿ ತಟ್ಟವ್ರೆ, ಮುಂದಿನ್ ವರ್ಷ ಪರೀಕ್ಷೆಗೆ ಬರ್ಲಿ." ನಾನು ಪಾಸಾದವನ್ನೆಲ್ಲ ಗುರುತು ಹಾಕಿಕೊಂಡೆ. ಗೂಳೂರಿನಾಚೆ ಏರು ಬಂದಾಗ ಅಪ್ಪ ನನಗೂ ಒಂದು ಪಾಠ ಹೇಳಿದರು. ನೇರವಾಗಿ ಹತ್ತಬೇಡ, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹಾವು ಹರಿದ ಹಾಗೆ ಹೋಗು. ದಾರಿ ಉದ್ದವಾಗುತ್ತದೆ, ಏರು ಚಪ್ಪಟೆಯಾಗುತ್ತದೆ. ಕಾಲೇಜಿನಲ್ಲಿ ಇಳಿಜಾರು ಹಲಗೆಯ ಲೆಕ್ಕ ಎರಡು ದಿನ ಅರ್ಥವಾಗದೆ ಒದ್ದಾಡಿದ್ದೆ. ಅಲ್ಲಿ ಒಂದೇ ಏರಿನಲ್ಲಿ ಅದು ತೊಡೆಗೇ ಅರ್ಥವಾಯಿತು. ಬರುವಾಗ ಅಪ್ಪನ ಹಿಂದೆ ಯಾರೂ ಕುಳಿತಿರಲಿಲ್ಲವಾದ್ದರಿಂದ ಎಲ್ಲೂ ಕಲ್ಲಿನ ನೆನಪಾಗಲಿಲ್ಲ. ಇಳಿಜಾರಿನಲ್ಲಿ ಇಬ್ಬರೂ ಪೆಡಲ್ ಬಿಟ್ಟು ತೇಲಿಕೊಂಡು ಬಂದೆವು.

ಮುಂದಿನ ಭಾನುವಾರ ಅವ್ವ ಸೀರೆ ಮತ್ತೆ ಹೊರತೆಗೆದಳು. ಮನೆಯ ಮುಂದೆ ಬೀದಿಯ ಚಪ್ಪಡಿಯೊಂದನ್ನು ಅಪ್ಪ ಮೊದಲೇ ಜೋಡಿಸಿಟ್ಟಿದ್ದರು. ಎಡಗಾಲು ಅದರ ಮೇಲೆ, ಸೈಕಲ್ ನೆಟ್ಟಗೆ. ಅವ್ವ ಕುಳಿತಳು, ಕಾಲು ಎತ್ತಿಕೊಂಡಳು, ಹೊರಟೇಬಿಟ್ಟರು. ನಾನು ಟೀಚರಮ್ಮನ ಸೈಕಲ್ಲಿನಲ್ಲಿ ಹಿಂದೆ. ದಾರಿಯಲ್ಲಿ ನಾಲ್ಕು ಕಡೆ ಇಳಿದರು, ನಾಲ್ಕು ಕಡೆಯೂ ಪಾಸಾದ ಕಲ್ಲಿನ ಪಕ್ಕದಿಂದಲೇ ಹತ್ತಿದರು.

ಅಜ್ಜಿ ಅಂಗಳದಲ್ಲಿ ಹುರುಳಿ ಒಣಹಾಕುತ್ತಿದ್ದಳು. ಬೆಲ್ ಕೇಳಿ ತಲೆಯೆತ್ತಿದಳು. ಮಗಳನ್ನು ನೋಡಿದಳು, ಮತ್ತೆ ಹುರುಳಿಯಲ್ಲಿ ಕೈಯಾಡಿಸಿದಳು. ಅವ್ವ ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ತಾನೂ ಕೈಯಾಡಿಸತೊಡಗಿದಳು. ಅಜ್ಜಿ ಹುರುಳಿಯಿಂದ ಒಂದು ಕಲ್ಲು ಆರಿಸಿ ಎಸೆದಳು.

"ಇಳ್ದೋಗಿದ್ದೀಯಲ್ಲಮ್ಮಿ."

"ಎಲ್ಲಿ ಇಳ್ದೋಗಿದ್ದೀನಿ? ನನ್ ಎಳ್ಕೊಂಡ್ ಬಂದವ್ರನ್ ಕೇಳು, ಭಾರ ಎಷ್ಟೈತೆ ಅಂತ."

ಅಪ್ಪ ತೋಟದ ಕಡೆ ನೋಡುತ್ತ ಕೆಮ್ಮಿದರು. ಅಜ್ಜಿ ಸೆರಗು ಬಾಯಿಗೆ ಅಡ್ಡ ಇಟ್ಟು ನಕ್ಕಳು.

ಅಂದು ತಾಯಿ ಮಗಳ ಮಾತು ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಹೊರಟಾಗ ನಾಲ್ಕು ಗಂಟೆ ದಾಟಿತ್ತು. ಅಜ್ಜಿಯ ಮನೆ ಮುಂದೆ ಮೂಲೆಗೆ ಹಾಕಿದ್ದ ಹಳೆಯ ಒರಳುಕಲ್ಲು ಹತ್ತುವುದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಎರಡು ಮೂರು ಕಿಲೋಮೀಟರ್ ಬಂದಿರಬಹುದು, ಎದುರಿಗೆ ಹುಲ್ಲಿನ ಗಾಡಿಗಳ ಸಾಲು ರಸ್ತೆ ತುಂಬ ಬಂತು. ಅಪ್ಪ ಬ್ರೇಕ್ ಹಿಡಿದರು, ಅವ್ವ ಜಿಗಿದು ಇಳಿದಳು. ಗಾಡಿಗಳು ಹೋದವು. ಮತ್ತೆ ಹತ್ತಲು ಕಲ್ಲು ನೋಡಿದರೆ ಇಲ್ಲ.

ಕಲ್ಲುಗಳು ಇದ್ದವು, ರಸ್ತೆಯ ಆಚೆ ಬದಿಯಲ್ಲಿ. ಫರ್ಲಾಂಗ್ ಕಲ್ಲನ್ನು ರಸ್ತೆಯ ಒಂದೇ ಕಡೆ ನೆಟ್ಟಿರುತ್ತಾರೆ. ಹೋಗುವಾಗ ಎಡಕ್ಕಿದ್ದವೆಲ್ಲ ಬರುವಾಗ ಬಲಕ್ಕೆ ಬಂದಿದ್ದವು.

"ಆ ಕಡೆ ಹೋಗಿ ಬಲಗಾಲು ಊರಿದ್ರೆ?" ಎಂದೆ.

"ಇಬ್ರ ಭಾರಾನೂ ಈ ಕಾಲ್ ಮೇಲಾ? ಬೇಡ ಕಣವ್ವ," ಎಂದು ಅಪ್ಪ ಬಲಮಂಡಿಯನ್ನು ಸವರಿಕೊಂಡರು.

ತಳ್ಳಿಕೊಂಡು ನಡೆದೆವು. ಹೊತ್ತು ಇಳಿಯುತ್ತಿತ್ತು. ಈ ಒಂದು ಸಲ ನಡೆದು ಮನೆ ಸೇರಬಹುದು, ಆದರೆ ಎರಡು ವಾರಕ್ಕೊಮ್ಮೆ ಹೀಗೆ ನಡೆಯಲಾಗುತ್ತದೆಯೇ ಎಂದು ನಾನು ಯೋಚಿಸುತ್ತಿದ್ದೆ. ಅಪ್ಪನೂ ಅದನ್ನೇ ಯೋಚಿಸುತ್ತಿದ್ದರೆಂದು ಅವರ ನಡಿಗೆಯಲ್ಲೇ ತಿಳಿಯುತ್ತಿತ್ತು. ಒಂದು ಮೋರಿ ಬಂತು. ಎಡಬದಿಯಲ್ಲಿ ಮೋರಿಯ ಕಟ್ಟೆ, ನಮ್ಮ ಜಗಲಿಯಷ್ಟೇ ಎತ್ತರ, ಜಗಲಿಗಿಂತ ಉದ್ದ. ಮೊಣಕಾಲು ಕೆತ್ತಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ದಾಟಿ ಮುಂದೆ ಹೋಗುತ್ತಿದ್ದೆವು. ಅವ್ವ ನಿಂತಳು.

"ಇಲ್ಲೇ ಹತ್ರಿ."

"ಕಟ್ಟೆ ಉದ್ದ ಕಣೇ. ಮತ್ತೆ ಮೊಣಕಾಲು ಹೋಯ್ತದೆ."

"ನೀವು ಹತ್ರಿ ಅಂದ್ರೆ."

ಅಪ್ಪ ಕಟ್ಟೆಯ ಮೇಲೆ ಎಡಗಾಲಿಟ್ಟು ಕುಳಿತರು. ಅವ್ವ ಸೀರೆಯ ನಿರಿಗೆಯನ್ನು ಒಟ್ಟುಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕ್ಯಾರಿಯರನ್ನು ಒಂದು ಸುತ್ತು ಹಾಕಿಕೊಂಡು ಆಚೆ ಬದಿಗೆ ಹೋಗಿ, ಎರಡೂ ಕಾಲು ಬಲಕ್ಕೆ ಬಿಟ್ಟು ಕುಳಿತಳು.

"ಏಯ್, ಚೈನ್ ಕಡೆ ಕಣೇ ಅದು!"

ನಮ್ಮ ಕಡೆ ಯಾವ ಹೆಂಗಸೂ ಚೈನ್ ಕಡೆ ಕಾಲು ಬಿಟ್ಟು ಕೂರುವುದಿಲ್ಲ. ಸೆರಗೋ ನಿರಿಗೆಯೋ ಚೈನಿಗೆ ಸಿಕ್ಕಿ ಬಿದ್ದವರ ಕಥೆ ಪ್ರತಿ ಬೀದಿಯಲ್ಲೂ ಒಂದಿರುತ್ತದೆ. ಅದು ಎಷ್ಟು ರೂಢಿಯೆಂದರೆ, ನಾನು ಸೀಮೆಸುಣ್ಣದಲ್ಲಿ ಬರೆದ ಅಷ್ಟು ಚಿತ್ರಗಳಲ್ಲಿ ಒಂದರಲ್ಲೂ ಅವ್ವನ ಕಾಲನ್ನು ಬಲಕ್ಕೆ ಬರೆದಿರಲಿಲ್ಲ.

"ಚೈನ್ ಕಡೆ ಆದ್ರೇನು? ಗೇರ್‌ಕೇಸ್ ಬಿಗ್ಸಿದ್ದೀರಲ್ಲ. ಸೀರೆ ನನ್ ಸೊಂಟದಾಗೈತೆ. ನಡೀರಿ, ಹಾಲ್ ಕಾಯಿಸ್ಬೇಕು."

ಎಡಕ್ಕೆ ಕಟ್ಟೆ, ಬಲಕ್ಕೆ ಅವ್ವನ ಕಾಲು. ಒಂದಕ್ಕೊಂದು ತಾಗುವ ಮಾತೇ ಇರಲಿಲ್ಲ. ಅಪ್ಪ ಕಟ್ಟೆಯಿಂದ ಕಾಲು ತೆಗೆದು ತುಳಿದರು, ಸೈಕಲ್ ಸೊಟ್ಟಗಾಗದೆ ಹೊರಟಿತು. ಸ್ವಲ್ಪ ದೂರದವರೆಗೆ ಅವ್ವ ಎಡಗೈಯಲ್ಲಿ ಸೀಟನ್ನು ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ಕೈ ಸಡಿಲಿಸಿ, ಎದುರಿನಿಂದ ಬರುವ ಗಾಡಿಯವರನ್ನೆಲ್ಲ ನೋಡಿಕೊಂಡು ಕುಳಿತಳು. ಹೆಬ್ಬೂರಿನ ಒಬ್ಬ ಮುದುಕ ಸೈಕಲ್ಲಿಳಿದು ನಿಂತೇ ನೋಡಿದ. ಅವ್ವ ಅವನಿಗೆ, "ಏನಣ್ಣ, ಚೆನ್ನಾಗಿದ್ದೀರಾ?" ಎಂದು ಕೇಳಿಯೇ ಮುಂದೆ ಹೋದಳು.

ಮನೆ ಸೇರಿ ಅಪ್ಪ ಕೈಕಾಲು ತೊಳೆದುಕೊಂಡರು. ನಾನು ದಿನಚರಿ ಹಿಡಿದು ಕುಳಿತು, "ಮಂಡಿ?" ಎಂದೆ. ಅಪ್ಪ ಒಂದು ಗಳಿಗೆ ಬಗ್ಗಿ ಬಲಗಾಲನ್ನು ನೋಡಿಕೊಂಡು, "ಅದೊಂದೈತೆ ಅನ್ನೋದೇ ಮರ್ತೋಗಿತ್ತು," ಎಂದರು.

ಆಯುಧಪೂಜೆಯ ದಿನ ದೊಡ್ಡಪ್ಪ ಗುಬ್ಬಿಯಿಂದ ಬಂದರು. ಸೈಕಲ್ಲಿಗೆ ನೀರು ಹಾಕಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹ್ಯಾಂಡಲಿಗೆ ಸೇವಂತಿಗೆ ಹಾರ ಹಾಕಿದ್ದೆವು. ಬೂದುಗುಂಬಳ ಒಡೆದಾಗಿತ್ತು.

"ಹೂವಾ ಗೀವಾ ಹಾಕಿ ರೆಡಿ ಮಾಡಿಟ್ಟಿದ್ದೀರ, ಕಳಿಸ್ಕೊಡೋಕೆ," ಎನ್ನುತ್ತ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಹತ್ತಿಯೇಬಿಟ್ಟರು. ಹತ್ತಿ ಕುಳಿತರೆ ಕೆಳಗಿನ ಪೆಡಲಿಗೆ ಪಾದ ಎಟುಕದೆ ಗಾಳಿಯಲ್ಲಿ. ಅಪ್ಪ ಹಿಂದಿನಿಂದ ಹಿಡಿದುಕೊಂಡಿರದಿದ್ದರೆ ಹಾರದ ಸಮೇತ ನೆಲಕ್ಕೆ ಬೀಳುತ್ತಿದ್ದರು.

"ಏನ್ಲಾ ಇದು! ಸೈಕಲ್ಗೆ ಕಾಲು ಬೆಳ್ಸಿದ್ದೀಯೋ, ಇಲ್ಲ ನನ್ ಕಾಲು ಸವ್ದೋಗೈತೋ?"

"ನಿಮ್ ಪೈಪು ಮನೆ ಒಳಗೈತೆ ದೊಡ್ಡಪ್ಪ," ಎಂದು ನಾನು ಗರಗಸದ ಗುರುತಿನ ಮೊಂಡು ಪೈಪನ್ನು ತಂದು ತೋರಿಸಿದೆ. ಅವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಅಪ್ಪನ ಕಾಲು ನೋಡಿ, ತಮ್ಮ ಕಾಲು ನೋಡಿಕೊಂಡರು.

"ಇಷ್ಟ್ ವರ್ಷ ಯಾಕ್ಲಾ ಬಾಯ್ಬುಡ್ನಿಲ್ಲ?"

"ನೀನ್ ಕೊಟ್ಟಿದ್ದಲ್ವಾ ಅಣ್ಣ."

ದೊಡ್ಡಪ್ಪ ಅಪ್ಪನ ಬೆನ್ನ ಮೇಲೊಂದು ಗುದ್ದಿದರು. ಒಬ್ಬಟ್ಟು ತಿಂದು, ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಗುಬ್ಬಿಗೆ ಹೋದರು.

ಇದನ್ನು ಬರೆಯುವಾಗ ಆರು ವರ್ಷ ಕಳೆದಿದೆ. ಸೈಕಲ್ ಅದೇ. ಕಳೆದ ವರ್ಷ ಹೆಬ್ಬೂರಿನಿಂದ ಮುಂದೆ ಕುಣಿಗಲ್ಲಿನವರೆಗೂ ಹೋಗಿ, ಕೆರೆ ಏರಿಯ ಮೇಲೆ ಗಾಳಿಗೆ ಎದುರಾಗಿ ತುಳಿದು ಬಂದರು. ಬಲಕ್ಕೆ ಮುಖ ಮಾಡಿ ಕುಳಿತದ್ದರಿಂದ ದಾರಿಯುದ್ದಕ್ಕೂ ನೀರು ತನ್ನ ಕಡೆಗೇ ಇತ್ತು ಎಂದು ಅವ್ವ ವಾರವೆಲ್ಲ ಹೇಳಿಕೊಂಡಳು. ನಮ್ಮ ಬೀದಿಯಲ್ಲಿ ಈಗ ಇನ್ನೂ ಇಬ್ಬರು ಚೈನ್ ಕಡೆ ಕೂರುತ್ತಾರೆ, ಗೇರ್‌ಕೇಸ್ ಭದ್ರವಿದೆಯೇ ಎಂದು ಮೊದಲು ತಟ್ಟಿ ನೋಡಿ.

ಇವತ್ತೂ ಭಾನುವಾರ. ಅಪ್ಪ ಜಗಲಿಗೆ ಸೈಕಲ್ ಆನಿಸಿ, ಎಡಗಾಲು ಮೇಲಿಟ್ಟು ಕುಳಿತಿದ್ದಾರೆ. ಅವ್ವ ಚಟ್ನಿಪುಡಿಯ ಡಬ್ಬಿ ಹಿಡಿದು ಹೊರಗೆ ಬಂದಳು. ನಿರಿಗೆ ಸಿಕ್ಕಿಸಿಕೊಂಡಳು, ಸುತ್ತುಹಾಕಿ ಆಚೆ ಬದಿಗೆ ಹೋಗಿ ಕುಳಿತಳು, ಅಪ್ಪನ ಬೆನ್ನು ತಟ್ಟಿ "ನಡೀರಿ" ಎಂದಳು.